ಕನ್ನಡದಲ್ಲಿ ಹಾಡುವ ವಾಯ್ಸ್‌ಬ್ಯಾಂಕ್: ಅಕ್ಷರಗಳ ನಡುವಿನ ಕೆಲಸ

ಹಾಡುವ ತಂತ್ರಾಂಶಕ್ಕಾಗಿ ನನ್ನ ದನಿಯನ್ನು ಧ್ವನಿಮುದ್ರಿಸುತ್ತಿದ್ದೇನೆ ಎಂದಾಗ ಹೆಚ್ಚಿನವರು, ಅಕಾರದಿಂದ ಳಕಾರದವರೆಗೆ ಕಾಗುಣಿತವನ್ನು ಒಂದೇ ಶ್ರುತಿಯಲ್ಲಿ ಹಾಡಿ ಮುಗಿಸಿದರೆ ಕೆಲಸ ಆದಂತೆಯೇ ಎಂದು ತಿಳಿಯುತ್ತಾರೆ. ಹೊರಗಿನಿಂದ ನೋಡುವವರಿಗೆ ಅದು ಹಾಗೆಯೇ ಕಾಣುತ್ತದೆ. ಆದರೆ ಕನ್ನಡದ ವಾಯ್ಸ್‌ಬ್ಯಾಂಕ್ (ತಂತ್ರಾಂಶ ಹಾಡಲು ಬಳಸುವ ದನಿಯ ತುಣುಕುಗಳ ಸಂಗ್ರಹ) ಒಳ್ಳೆಯದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಒಂದು ಸ್ವರದಿಂದ ಮುಂದಿನ ವ್ಯಂಜನಕ್ಕೆ ನಾಲಿಗೆ ಸರಿಯುವ ಆ ಸಣ್ಣ ಹಾದಿಯಲ್ಲಿ. ಮುಂಬಯಿಯ ಫ್ಲ್ಯಾಟೊಂದರಲ್ಲಿ ಕುಳಿತು ಈ ಕೆಲಸವನ್ನು ಮಾಡುತ್ತ ಬಂದ ನನಗೆ ಇದು ದಿನದಿಂದ ದಿನಕ್ಕೆ ಹೆಚ್ಚು ಸ್ಪಷ್ಟವಾಗಿದೆ. ಕನ್ನಡದಲ್ಲಿ ಇದನ್ನು ಮಾಡಬಯಸುವ ಇತರರಿಗೆ ಉಪಯೋಗವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಯಮಾಹಾ ಕಂಪನಿಯ ವೋಕಲಾಯ್ಡ್ ಎಂಬ ಹಾಡುವ ತಂತ್ರಾಂಶದ ಮೊದಲ ದನಿಗಳು 2004ರಲ್ಲಿ ಮಾರುಕಟ್ಟೆಗೆ ಬಂದವು. 2007ರ ಆಗಸ್ಟ್ 31ರಂದು ಬಿಡುಗಡೆಯಾದ ಹಾತ್ಸುನೆ ಮಿಕು ಎಂಬ ದನಿಪಾತ್ರ, ನಟಿ ಫುಜಿತಾ ಸಾಕಿಯವರ ದನಿಯಿಂದ ರೂಪುಗೊಂಡು, ಈ ವಿದ್ಯೆಯನ್ನು ಜಗತ್ತಿಗೆಲ್ಲ ಪರಿಚಯಿಸಿದಳು. ಅಲ್ಲಿ ದನಿಯನ್ನು ಸಿದ್ಧಪಡಿಸುವ ಅಧಿಕಾರ ಕಂಪನಿಗಳಿಗಷ್ಟೇ ಇತ್ತು. 2008ರಲ್ಲಿ ಜಪಾನಿನ ಅಮೆಯಾ ಎಂಬ ಹೆಸರಿನ ತಂತ್ರಾಂಶಕಾರರು ಹೊರತಂದ ಉತಾವ್ ಆ ಬಾಗಿಲನ್ನು ಸಾಮಾನ್ಯರಿಗೂ ತೆರೆಯಿತು. ಮೈಕ್ ಇರುವ ಯಾರೇ ಆದರೂ ತಮ್ಮ ದನಿಯ ತುಣುಕುಗಳನ್ನು ಕೊಟ್ಟು ಅದರಿಂದ ಹಾಡಿಸಬಹುದಾಯಿತು. ಅದೇ ವರ್ಷ ಏಪ್ರಿಲ್ ಒಂದರ ತಮಾಷೆಗೆಂದು ಹುಟ್ಟಿದ ಕಾಸಾನೆ ತೆತೊ ಎಂಬ ಪಾತ್ರಕ್ಕೆ ಉತಾವ್‌ನಲ್ಲಿ ನಿಜವಾದ ದನಿ ಬಂದು, ಅವಳು 2023ರಲ್ಲಿ ಸಿಂಥಸೈಜರ್ ವಿ ಎಂಬ ವಾಣಿಜ್ಯ ತಂತ್ರಾಂಶದವರೆಗೂ ಬೆಳೆದಳು. ಈಗ ನಾನು ಬಳಸುತ್ತಿರುವುದು ಓಪನ್‌ಉತಾವ್. ಇದು ಮುಕ್ತ ತಂತ್ರಾಂಶವಾಗಿದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ವೋಕಲಾಯ್ಡ್‌ಗೆ ಜಪಾನಿ, ಇಂಗ್ಲಿಷ್, ಕೊರಿಯನ್, ಸ್ಪ್ಯಾನಿಷ್, ಚೀನೀ ದನಿಗಳು ಬಂದಿವೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಆದ್ದರಿಂದ ಕನ್ನಡಕ್ಕೆ ದನಿ ಬೇಕೆಂದರೆ ಕನ್ನಡಿಗರೇ ಹಾಡಿ ಕೊಡಬೇಕು.

ನರಜಾಲದ (ನ್ಯೂರಲ್ ನೆಟ್‌ವರ್ಕ್) ಮಾರ್ಗವೂ ಈಗ ಇದೆ. ಡಿಫ್‌ಸಿಂಗರ್‌ನಂಥ ಪದ್ಧತಿಗೆ ಪೂರ್ತಿ ಹಾಡುಗಳನ್ನೇ ಧ್ವನಿಮುದ್ರಿಸಿ, ಪ್ರತಿಯೊಂದು ಧ್ವನಿಯ ಆರಂಭ ಮತ್ತು ಅಂತ್ಯವನ್ನು ಗುರುತಿಸಿ, ಬಲವಾದ ಗ್ರಾಫಿಕ್ಸ್ ಕಾರ್ಡಿರುವ ಗಣಕದಲ್ಲಿ ತರಬೇತಿ ಕೊಡಬೇಕು. ಅದರ ಫಲ ಹೆಚ್ಚು ಸಹಜವಾಗಿರುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ತುಣುಕು ಜೋಡಿಸುವ ಹಳೆಯ ಪದ್ಧತಿಯನ್ನೇ ನಾನು ಮೊದಲು ಆರಿಸಿಕೊಂಡೆ, ಏಕೆಂದರೆ ಇಲ್ಲಿ ದನಿ ಎಲ್ಲಿ ಕೆಟ್ಟಿತೆಂಬುದನ್ನು ಕಿವಿಯಿಂದ ಹುಡುಕಿ ಕೈಯಿಂದ ಸರಿಪಡಿಸಬಹುದು. ಕನ್ನಡದ ಧ್ವನಿಗಳು ಹಾಡಿನಲ್ಲಿ ಹೇಗೆ ವರ್ತಿಸುತ್ತವೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಏನನ್ನು ಹಾಡಬೇಕು ಎಂಬ ಪಟ್ಟಿಗೆ ಈ ವಲಯದಲ್ಲಿ ರೆಕ್‌ಲಿಸ್ಟ್ ಎನ್ನುತ್ತಾರೆ. ವಾಯ್ಸ್‌ಬ್ಯಾಂಕ್‌ನ ಬಹುಪಾಲು ವಿಚಾರ ಈ ಪಟ್ಟಿಯಲ್ಲೇ ಮುಗಿಯಬೇಕು. ಜಪಾನಿ ಭಾಷೆಗೆ ಅತಿ ಸರಳವಾದ ಕ್ರಮವೆಂದರೆ ವ್ಯಂಜನ ಮತ್ತು ಸ್ವರ ಸೇರಿದ ಒಂದೊಂದು ಅಕ್ಷರವನ್ನು ಬಿಡಿಬಿಡಿಯಾಗಿ ಹಾಡುವುದು. ಹೆಚ್ಚು ಸುಗಮವಾದುದು ಸ್ವರ, ವ್ಯಂಜನ, ಸ್ವರ ಮೂರನ್ನೂ ಒಂದೇ ತುಣುಕಿನಲ್ಲಿ ಹಿಡಿಯುವ ಕ್ರಮ. ಇವೆರಡರ ನಡುವೆ, ವ್ಯಂಜನದಿಂದ ಸ್ವರಕ್ಕೆ ಹೋಗುವ ತುಣುಕನ್ನೂ ಸ್ವರದಿಂದ ವ್ಯಂಜನಕ್ಕೆ ಹೋಗುವ ತುಣುಕನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವ ಕ್ರಮವಿದೆ. ಅದನ್ನು ಸಿವಿವಿಸಿ (ಸಿ ಎಂದರೆ ವ್ಯಂಜನ, ವಿ ಎಂದರೆ ಸ್ವರ) ಎಂದು ಕರೆಯುತ್ತಾರೆ. ಕನ್ನಡದ ಪದಗಳು ಬಹುತೇಕ ಸ್ವರಾಂತವಾಗಿರುವುದರಿಂದ ಜಪಾನಿಯ ಸರಳ ಕ್ರಮವೇ ನಮಗೂ ಸಾಕಾಗುತ್ತದೆ ಎಂದು ತೋರುವುದು ಸಹಜ. ಸಾಕಾಗುವುದಿಲ್ಲ ಎನ್ನುವುದಕ್ಕೆ ಎರಡು ಬಲವಾದ ಕಾರಣಗಳಿವೆ, ಮತ್ತು ಎರಡೂ ನಮ್ಮ ಭಾಷೆಯ ಜೀವಾಳಕ್ಕೆ ಸೇರಿದವು.

ಮೊದಲನೆಯದು ಮೂರ್ಧನ್ಯಗಳು. ಟ, ಡ, ಣ, ಳ ಇವುಗಳನ್ನು ಉಚ್ಚರಿಸುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟುತ್ತದೆ. ಬಿಡುವಾಗ ಮುಂದಕ್ಕೆ ಚಿಮ್ಮುತ್ತದೆ. ಚಿಮ್ಮಿ ಮುಂದೆ ಬಂದು ಬಿಡುಗಡೆಯಾಗುವ ಕಾರಣ ಟಕಾರದ ನಂತರದ ಸ್ವರಕ್ಕೂ ತಕಾರದ ನಂತರದ ಸ್ವರಕ್ಕೂ ಇರುವ ವ್ಯತ್ಯಾಸ ಕಡಿಮೆ. ಮೂರ್ಧನ್ಯದ ನಿಜವಾದ ಗುರುತು ಇರುವುದು ಅದಕ್ಕೆ ಮೊದಲಿನ ಸ್ವರದಲ್ಲಿ: ನಾಲಿಗೆ ಮಡಚತೊಡಗುತ್ತಿದ್ದಂತೆಯೇ ಆ ಸ್ವರದ ಮೂರನೆಯ ಫಾರ್ಮೆಂಟ್, ಎಂದರೆ ಬಾಯಿಯ ಆಕಾರದಿಂದ ಹುಟ್ಟುವ ಮೂರನೆಯ ಅನುರಣನ, ಕೆಳಕ್ಕೆ ಇಳಿಯುತ್ತದೆ. ‘ಆಟ’ ಎನ್ನುವಾಗ ಟಕಾರ ಬರುವ ಮೊದಲೇ ‘ಆ’ ಸ್ವರದ ಬಾಲದಲ್ಲಿ ಅದರ ಸುಳಿವು ಕೇಳಿಸುತ್ತದೆ. ಅಕ್ಷರಗಳನ್ನು ಬಿಡಿಬಿಡಿಯಾಗಿ ಹಾಡಿ ಜೋಡಿಸಿದರೆ ಈ ಸುಳಿವು ಧ್ವನಿಮುದ್ರಣದಲ್ಲಿ ಎಲ್ಲಿಯೂ ಇರುವುದಿಲ್ಲ, ಆದ್ದರಿಂದ ‘ಹಾಡು’ ಎಂಬುದು ‘ಹಾದು’ವಿನ ಹತ್ತಿರಕ್ಕೆ ಸರಿಯುತ್ತದೆ. ಇದಲ್ಲದೆ ಣ ಮತ್ತು ಳ ಕನ್ನಡದಲ್ಲಿ ಪದದ ಆರಂಭದಲ್ಲಿ ಬರುವುದೇ ಇಲ್ಲ. ಬರಿಯ ‘ಣ’ವನ್ನು ಎದುರಿಗಿಟ್ಟು ಹಾಡು ಎಂದರೆ ಬಾಯಿ ಅದಕ್ಕೆ ಒಗ್ಗುವುದಿಲ್ಲ, ‘ಅಣ’, ‘ಇಳಿ’, ‘ಒಳು’ ಎಂದು ಮುಂದೊಂದು ಸ್ವರ ಕೊಟ್ಟು ಹಾಡಿದರೆ ತಾನಾಗಿ ಸರಿಬರುತ್ತದೆ.

ಎರಡನೆಯದು ಇಮ್ಮಡಿ ವ್ಯಂಜನ. ಇದರ ಬಗೆಗೆ ನಾನು ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ್ದೇನೆ. ಕನ್ನಡದ ಹಾಡಿನ ನಡಿಗೆ ನಿಂತಿರುವುದೇ ಒತ್ತಕ್ಷರದ ಮೇಲೆ. ‘ಬೆಟ್ಟ’ ಎಂಬ ಪದದಲ್ಲಿ ಮೊದಲ ಅಕ್ಷರ ಗುರುವಾಗುವುದು ಎಕಾರ ದೀರ್ಘವಾಗಿರುವುದರಿಂದಲ್ಲ; ಟಕಾರದಲ್ಲಿ ನಾಲಿಗೆ ತಡೆದು ನಿಲ್ಲುವ ಹೊತ್ತೇ ಎರಡನೆಯ ಮಾತ್ರೆಯನ್ನು ತುಂಬುತ್ತದೆ. ಇಂಥ ಸ್ಪರ್ಶಗಳಲ್ಲಿ ತಡೆಯ ಹೊತ್ತು ಹೆಚ್ಚೂಕಡಿಮೆ ಮೌನವೇ. ಆದ್ದರಿಂದ ಎಕಾರದಿಂದ ಟಕಾರಕ್ಕೆ ಹೋಗುವ ತುಣುಕು, ಅಳತೆಯ ಮೌನ, ಆಮೇಲೆ ಟಕಾರದಿಂದ ಅಕಾರಕ್ಕೆ ಬರುವ ತುಣುಕು ಎಂದು ಜೋಡಿಸಿದರೆ ಒತ್ತು ಸಿದ್ಧವಾಗುತ್ತದೆ, ಪ್ರತ್ಯೇಕ ಧ್ವನಿಮುದ್ರಣ ಬೇಡ. ಆದರೆ ‘ಅಣ್ಣ’, ‘ಅಮ್ಮ’, ‘ಹಳ್ಳಿ’, ‘ಮಲ್ಲಿಗೆ’ಗಳ ಒತ್ತು ಬೇರೆಯೇ ಜಾತಿಯದು. ಅಲ್ಲಿ ತಡೆಯ ಹೊತ್ತಿನಲ್ಲಿಯೂ ದನಿ ನಿಲ್ಲದೆ, ಶ್ರುತಿ ಬಿಡದೆ, ಮೂಗಿನಿಂದಲೋ ನಾಲಿಗೆಯ ಅಂಚುಗಳಿಂದಲೋ ಹರಿಯುತ್ತಿರುತ್ತದೆ. ಗಾಯಕರು ಆ ಮ್, ಣ್, ಳ್‌ಗಳ ಮೇಲೆಯೇ ಸ್ವರವನ್ನು ಸರಿಸುವುದೂ ಉಂಟು. ಹಾಗಾಗಿ ಇವನ್ನು ವ್ಯಂಜನವೆಂದು ಬಗೆಯದೆ, ಎಳೆಯಬಹುದಾದ ಸ್ವರದಂತೆಯೇ ನೋಡಿ, ‘ಅಣ್ಣ್‌’ ಎಂದು ಉದ್ದವಾಗಿ ಹಿಡಿದು ಹಾಡಿದ ತುಣುಕುಗಳನ್ನು ನಾನು ಪ್ರತ್ಯೇಕವಾಗಿ ಸೇರಿಸಿಕೊಂಡೆ. ನನ್ನ ಪಟ್ಟಿಯ ಈ ಭಾಗವನ್ನು ಯಾರೂ ಬಿಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಲೆಕ್ಕಕ್ಕೆ ಬರುತ್ತೇನೆ. ವರ್ಣಮಾಲೆಯ 34 ವ್ಯಂಜನಗಳಲ್ಲಿ ಙ ಮತ್ತು ಞ ಹೆಚ್ಚಾಗಿ ತಮ್ಮ ವರ್ಗದ ಅಕ್ಷರಗಳ ಹಿಂದೆ ಅನುಸ್ವಾರವಾಗಿಯೇ ಬರುವುದರಿಂದ ಉಳಿಯುವುದು 32. ಸ್ವರಗಳಲ್ಲಿ ಈ, ಊ, ಏ, ಓಗಳು ತಮ್ಮ ಹ್ರಸ್ವಗಳನ್ನೇ ಹೆಚ್ಚು ಹೊತ್ತು ಎಳೆದಂತೆ ಕೇಳುವುದರಿಂದ, ಹಾಡಿನಲ್ಲಿ ಸಂಗೀತದ ಸ್ವರದ ಉದ್ದವೇ ಆ ಕೆಲಸವನ್ನು ಮಾಡುತ್ತದೆ. ಅ ಮತ್ತು ಆ ಮಾತ್ರ ಹಾಗಲ್ಲ; ಬಾಯಿ ತೆರೆಯುವ ಪ್ರಮಾಣವೇ ಬೇರೆಯಾದ್ದರಿಂದ ಎರಡನ್ನೂ ಇಡಲೇಬೇಕು. ಐ ಮತ್ತು ಔಗಳನ್ನು ಅಕಾರಕ್ಕೆ ಇ, ಉ ಸೇರಿಸಿ ಕಟ್ಟಬಹುದು. ಹೀಗೆ ಅ, ಆ, ಇ, ಉ, ಎ, ಒ ಎಂದು ಆರು ಸ್ವರಗುಣಗಳು. ಮೂರು ಧ್ವನಿಗಳ ತುಣುಕಿನ ಕ್ರಮವಾದರೆ 1152 ಸಂಯೋಗಗಳು ಬೇಕಾಗುತ್ತವೆ. ಸಿವಿವಿಸಿ ಕ್ರಮದಲ್ಲಿ ವ್ಯಂಜನದಿಂದ ಸ್ವರಕ್ಕೆ 192, ಸ್ವರದಿಂದ ವ್ಯಂಜನಕ್ಕೆ 192 ಮತ್ತು ಸ್ವರದಿಂದ ಸ್ವರಕ್ಕೆ 36, ಒಟ್ಟು 420. ಮೂರು ಶ್ರುತಿಗಳಲ್ಲಿ ಹಾಡುವುದೆಂದಾಗ 3456 ಮತ್ತು 1260ರ ನಡುವಿನ ಅಂತರ ಗಂಟಲಿಗೆ ಚೆನ್ನಾಗಿ ತಿಳಿಯುತ್ತದೆ. ಇದರ ಮೇಲೆ ಅನುಸ್ವಾರದ ಐದು ರೂಪಗಳು, ಉದ್ದ ಹಿಡಿದ ಅನುನಾಸಿಕಗಳು, ಮತ್ತು ಪ್ರ, ಕ್ಷ, ಸ್ತ, ಷ್ಣ, ‘ರಾಷ್ಟ್ರ’ದಲ್ಲಿ ಬರುವ ಷ್ಟ್ರ ಮುಂತಾದ ಸಂಯುಕ್ತಗಳನ್ನು ಪದಗಳ ಮೂಲಕವೇ ಹಾಡಿ ಸೇರಿಸಬೇಕು. ಮಹಾಪ್ರಾಣಗಳನ್ನು ಕೈಬಿಡಬಹುದೆಂದು ಕೆಲವರು ಸಲಹೆ ಕೊಟ್ಟರು. ಅಚ್ಚಗನ್ನಡ ಪದಗಳಲ್ಲಿ ಅವು ಅಪರೂಪವೆಂಬುದು ನಿಜವಾದರೂ, ಭಾವ, ಧ್ಯಾನ, ಸುಖ, ಮೇಘಗಳಿಲ್ಲದ ಭಾವಗೀತೆಯನ್ನು ನಾನು ಕಲ್ಪಿಸಿಕೊಳ್ಳಲಾರೆ, ಅವೆಲ್ಲವನ್ನೂ ಉಳಿಸಿಕೊಂಡೆ.

ಮುಂಬಯಿಯಲ್ಲಿ ಬೆಳೆದವರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಮರಾಠಿಯಲ್ಲಿ ಳಕಾರವೂ ಣಕಾರವೂ ಗಟ್ಟಿಯಾಗಿರುವುದರಿಂದ ಅವು ನಮ್ಮ ನಾಲಿಗೆಯಿಂದ ಜಾರಿಲ್ಲ. ಆದರೆ ‘ಚಾಂಗಲಾ’, ‘ಜವಳ್’ ಎನ್ನುವಾಗ ಮರಾಠಿಯ ಚ ಮತ್ತು ಜ ಹಲ್ಲಿನ ಬುಡದಲ್ಲಿ ಹುಟ್ಟುತ್ತವೆ, ಕನ್ನಡದವು ತಾಲವ್ಯ. ಬೀದಿಯಲ್ಲಿ, ಶಾಲೆಯಲ್ಲಿ, ಲೋಕಲ್ ಗಾಡಿಯಲ್ಲಿ ದಿನವಿಡೀ ಮರಾಠಿಯನ್ನೇ ಆಡುವ ಬಾಯಿಯಲ್ಲಿ ‘ಚಂದ’ ಮತ್ತು ‘ಜಗ’ ಸ್ವಲ್ಪ ಮುಂದಕ್ಕೆ ಸರಿದಿರುವ ಸಾಧ್ಯತೆ ಇದೆ. ಚವರ್ಗವನ್ನು ಹಾಡುವ ದಿನ ಮೊದಲು ಹಿರಿಯರೊಡನೆ ಸ್ವಲ್ಪ ಹೊತ್ತು ಕನ್ನಡದಲ್ಲೇ ಮಾತಾಡಿ ಕುಳಿತುಕೊಳ್ಳುವುದು ಒಳ್ಳೆಯದು.

ಹಾಡುವ ಬಗೆಯಲ್ಲಿ ಸಂಗೀತ ಕಲಿತವರಿಗೇ ಹೆಚ್ಚು ಕಷ್ಟ. ಪ್ರತಿ ತುಣುಕನ್ನೂ ಒಂದೇ ಶ್ರುತಿಯಲ್ಲಿ, ಕಂಪನವಿಲ್ಲದೆ, ಬಲ ಏರಿಳಿಯದೆ ಹಾಡಬೇಕು, ಏಕೆಂದರೆ ತಂತ್ರಾಂಶವು ಸ್ವರಭಾಗವನ್ನು ಎಳೆದು ಉದ್ದ ಮಾಡುವಾಗ ಅದರೊಳಗಿನ ಅಲುಗಾಟವೂ ಹಿಗ್ಗಿ ಅಸಹಜವಾಗುತ್ತದೆ. ಗಮಕವನ್ನು ಆಮೇಲೆ ಪಿಚ್ ರೇಖೆಯಲ್ಲಿ ಬರೆಯಬೇಕು. ಕರ್ನಾಟಕ ಸಂಗೀತದ ಅಭ್ಯಾಸವಿರುವವರಿಗೆ ನನ್ನ ಸಲಹೆ, ಪ್ರತಿ ಸಾಲನ್ನೂ ಷಡ್ಜವೆಂದೇ ಭಾವಿಸಿ ಹಾಡಬೇಕು ಎಂಬುದು. ಷಡ್ಜ ಮತ್ತು ಪಂಚಮಗಳನ್ನು ನೇರವಾಗಿ ಹಿಡಿಯುವ ಅಭ್ಯಾಸ ಮೊದಲ ಪಾಠದಿಂದಲೇ ಇರುವುದರಿಂದ, ತಂಬೂರಿಯ ಶ್ರುತಿಯನ್ನು ಕಿವಿಯಲ್ಲಿ ಹಾಕಿಕೊಂಡು ಅದರ ಮೇಲೆ ನಿಂತರೆ ದನಿ ತಾನೇ ನೆಲೆಗೊಳ್ಳುತ್ತದೆ. ನಾನು ಆರಿಸಿಕೊಂಡ ಮೂರು ಶ್ರುತಿಗಳು ಹಾರ್ಮೋನಿಯಮ್ಮಿನ ಬಿಳಿ ಆರು, ಅದರ ಮೇಲಿನ ಬಿಳಿ ಎರಡು ಮತ್ತು ಬಿಳಿ ಐದು, ಅಂದರೆ ಸುಮಾರು 220, 294 ಮತ್ತು 392 ಹರ್ಟ್ಸ್. ಒಂದೇ ಶ್ರುತಿಯ ತುಣುಕನ್ನು ಬಹಳ ಮೇಲಕ್ಕೋ ಕೆಳಕ್ಕೋ ಸರಿಸಿದರೆ ದನಿಯ ಬಣ್ಣ ಕೆಡುತ್ತದೆ. ಮೂರಿದ್ದರೆ ಹಾಡಿನ ಯಾವ ಸ್ವರಕ್ಕೆ ಯಾವ ಗುಂಪು ಹತ್ತಿರವೋ ಅದನ್ನು ತಂತ್ರಾಂಶ ಆರಿಸಿಕೊಳ್ಳುವಂತೆ ನಿಗದಿಮಾಡಬಹುದು. ಮೇಲಿನ ಶ್ರುತಿಯಲ್ಲಿ ಮಹಾಪ್ರಾಣಗಳು ಬಹಳ ಬೇಗ ದಣಿಸುತ್ತವೆ, ಆದ್ದರಿಂದ ಅವನ್ನು ದಿನದ ಆರಂಭದಲ್ಲೇ ಮುಗಿಸಬೇಕು.

ಈ ನಗರದಲ್ಲಿ ಧ್ವನಿಮುದ್ರಣಕ್ಕೆ ಬೇಕಾದ ನಿಶ್ಶಬ್ದವನ್ನು ದುಡಿದು ಸಂಪಾದಿಸಬೇಕು. ನಮ್ಮ ಮನೆ ಇರುವುದು ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ, ಮಧ್ಯ ರೈಲ್ವೆಯ ಹಳಿಗಳಿಗೆ ಹತ್ತಿರ. ಲೋಕಲ್ ಗಾಡಿಗಳು ನಡುರಾತ್ರಿಯ ಬಳಿಕ ನಿಂತು ನಸುಕಿಗೆ ಮತ್ತೆ ಹೊರಡುತ್ತವೆ, ಆದರೆ ದೂರದ ಗಾಡಿಗಳೂ ಸರಕು ಗಾಡಿಗಳೂ ಆ ನಡುವೆ ಓಡುತ್ತಲೇ ಇರುತ್ತವೆ, ಮತ್ತು ಆ ಹೊತ್ತಿನಲ್ಲಿ ಪೂರ್ಣ ದನಿಯಲ್ಲಿ ಹಾಡುವುದು ನೆರೆಯವರಿಗೆ ನ್ಯಾಯವಲ್ಲ. ಭಾನುವಾರ ಹಳಿಗಳ ದುರಸ್ತಿಗೆಂದು ಮೆಗಾ ಬ್ಲಾಕ್ ಘೋಷಿಸಿದಾಗ ಓಡಾಟ ವಿರಳವಾಗುತ್ತದೆ. ಆ ಮಧ್ಯಾಹ್ನಗಳೇ ನನಗೆ ಹೆಚ್ಚು ಒದಗಿಬಂದವು. ಫ್ಯಾನ್ ನಿಲ್ಲಿಸಲೇಬೇಕು. ಅದರ ಮೊರೆತ ಮೆಲುವಾಗಿದ್ದರೂ ತುಣುಕಿನೊಳಗೆ ಸೇರಿಬಿಟ್ಟರೆ, ತಂತ್ರಾಂಶ ದನಿಯ ಜೊತೆಗೆ ಅದನ್ನೂ ಎಳೆದು ಏರಿಸಿ ಇಳಿಸಿ ಒಂದು ಲೋಹದ ಗುಂಗನ್ನು ಉಂಟುಮಾಡುತ್ತದೆ. ಕೋಣೆಯ ಪ್ರತಿಧ್ವನಿಗೂ ಇದೇ ಮಾತು. ಟೈಲ್ಸ್ ಹಾಸಿದ ನೆಲ ಮತ್ತು ಬೋಳು ಗೋಡೆಗಳ ನಡುವೆ ಹಾಡುವ ಬದಲು, ಬಟ್ಟೆ ತುಂಬಿದ ಕಪಾಟನ್ನು ತೆರೆದು ಅದರೆಡೆಗೆ ಮುಖಮಾಡಿ, ಬೆನ್ನ ಹಿಂದೆ ರಜಾಯಿ ಕಟ್ಟಿ ಹಾಡುವುದು ಉತ್ತಮ. ಮೈಕನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಟ್ಟರೆ ಪ, ಫ, ಭಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ಕಡತಗಳು 44.1 ಕಿಲೋಹರ್ಟ್ಸ್, 16 ಬಿಟ್, ಮೊನೊ ವೇವ್ ರೂಪದಲ್ಲಿರಬೇಕು. ಮಳೆಗಾಲದಲ್ಲಿ ಕಿಟಕಿಯ ಮೇಲಿನ ತಗಡಿಗೆ ಹನಿ ಬೀಳತೊಡಗಿದರೆ ಆ ದಿನ ಪಟ್ಟಿಯನ್ನು ಮಡಚಿಟ್ಟು ಗುರುತು ಹಾಕುವ ಕೆಲಸಕ್ಕೆ ಕೂರಬಹುದು.

ಗುರುತು ಹಾಕುವುದೆಂದರೆ ಓಟೊ ಎಂಬ ಕಡತದಲ್ಲಿ ಪ್ರತಿ ತುಣುಕಿಗೂ ಐದು ಅಳತೆಗಳನ್ನು ಮಿಲಿಸೆಕೆಂಡುಗಳಲ್ಲಿ ಬರೆಯುವುದು: ತುಣುಕು ಎಲ್ಲಿಂದ ಆರಂಭ, ಎಲ್ಲಿಯವರೆಗಿನ ಭಾಗವನ್ನು ಎಳೆಯಬಾರದು, ಎಲ್ಲಿಗೆ ಮುಕ್ತಾಯ, ತಾಳದ ಪೆಟ್ಟು ತುಣುಕಿನ ಯಾವ ಬಿಂದುವಿಗೆ ಬೀಳಬೇಕು, ಮತ್ತು ಹಿಂದಿನ ತುಣುಕಿನೊಡನೆ ಎಷ್ಟು ಹೊತ್ತು ಬೆರೆಯಬೇಕು. ಇವುಗಳಲ್ಲಿ ನಾಲ್ಕನೆಯದಾದ ಪ್ರಿಅಟರೆನ್ಸ್ ಹಾಡಿನ ಪ್ರಾಣ. ಯಾವುದೇ ಒಳ್ಳೆಯ ಗಾಯಕರು ‘ಸಾ’ ಎಂದು ಪೆಟ್ಟಿಗೆ ಸರಿಯಾಗಿ ಹಾಡುವಾಗ ಸಕಾರದ ಸದ್ದು ಪೆಟ್ಟಿಗಿಂತ ಮೊದಲೇ ಆರಂಭವಾಗಿ, ಆಕಾರ ಪೆಟ್ಟಿನ ಮೇಲೆ ಬೀಳುತ್ತದೆ. ಸ, ಶ, ಷಗಳಿಗೆ ಈ ಮುಂಗಡ ಹೊತ್ತು ದೀರ್ಘ. ಬ, ದಗಳಿಗೆ ಕಿರಿದು. ಇದನ್ನು ತಪ್ಪಾಗಿ ಅಳೆದರೆ ಹಾಡು ತಾಳದಿಂದ ಹಿಂದೆ ಬೀಳುತ್ತದೆ. ಎಳೆಯಬಾರದ ಭಾಗದ ಗಡಿಯನ್ನು ರಕಾರ ಮತ್ತು ಳಕಾರಗಳಲ್ಲಿ ಸ್ವರದೊಳಕ್ಕೆ ಸ್ವಲ್ಪ ಮುಂದಕ್ಕೆ ಇಡಬೇಕು, ಇಲ್ಲದಿದ್ದರೆ ನಾಲಿಗೆ ಸರಿಯುವ ಆ ಹಾದಿಯೇ ಹಿಗ್ಗಿ ಉಚ್ಚಾರ ತೊದಲಿದಂತಾಗುತ್ತದೆ. ಹಳೆಯ ಉತಾವ್ ಜಪಾನಿ ಲಿಪಿಸಂಕೇತಕ್ಕೆಂದೇ ರಚಿತವಾದುದು. ಓಪನ್‌ಉತಾವ್ ಯೂನಿಕೋಡನ್ನು ಓದುವುದರಿಂದ, ತಂತ್ರಾಂಶ ತುಣುಕುಗಳನ್ನು ಗುರುತಿಸುವ ಹೆಸರುಗಳಾದ ಅಲಿಯಾಸ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ಕಡತಗಳ ಹೆಸರನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ ಇಟ್ಟಿದ್ದೇನೆ, ಬೇರೆ ಬೇರೆ ಗಣಕಗಳಿಗೆ ಒಯ್ಯುವಾಗ ಅದು ಸುರಕ್ಷಿತ.

ಪರೀಕ್ಷೆಗೆಂದು ಆದಿತಾಳಕ್ಕೆ ಹೊಂದುವ, ನಾಲ್ಕು ಮಾತ್ರೆಯ ಗಣಗಳ ಒಂದು ಸಾಲನ್ನು ಕಟ್ಟಿಕೊಂಡೆ: ‘ಬೆಟ್ಟದ ಹಳ್ಳಿಯ ಅಣ್ಣನ ತಟ್ಟೆ’. ಅರ್ಥಕ್ಕಿಂತ ಹೆಚ್ಚಾಗಿ ಅದರಲ್ಲಿರುವ ಒತ್ತುಗಳೂ ಮೂರ್ಧನ್ಯಗಳೂ ನನಗೆ ಬೇಕಾಗಿದ್ದವು. ಧಾರವಾಡದ ಕಡೆಯವರಾದ ನಮ್ಮ ಅತ್ತಿಗೆ ಅದನ್ನು ಕೇಳಿ, “‘ಅಣ್ಣ’ ಛಲೋ ಬಂದದ, ಆದ್ರ ‘ತಟ್ಟೆ’ ಅನ್ನೂದು ಭಾಳ ಅವಸರದಾಗ ಮುಗದದ ನೋಡು” ಎಂದರು. ಅಣ್ಣದಲ್ಲಿ ಹಿಡಿದ ಣಕಾರದ ತುಣುಕು ಕೆಲಸ ಮಾಡಿತ್ತು. ತಟ್ಟೆಯಲ್ಲಿ ಮೌನದ ಅಳತೆ ಕಡಿಮೆಯಿತ್ತು. ಆ ಮೌನವನ್ನು ಹಾಡಿನ ಲಯಕ್ಕೆ ತಕ್ಕಂತೆ, ವಿಳಂಬದಲ್ಲಿ ಉದ್ದವಾಗಿಯೂ ದ್ರುತದಲ್ಲಿ ಗಿಡ್ಡವಾಗಿಯೂ ಪ್ರತಿ ಸಲ ಕೈಯಿಂದಲೇ ಹೊಂದಿಸಬೇಕೆಂಬುದು ಅಂದಿನಿಂದ ನನ್ನ ನಿಯಮ. ವಿಳಂಬದಲ್ಲಿ ಹೆಚ್ಚಿನ ಗಾಯಕರು ಮೌನವನ್ನಷ್ಟೇ ಹಿಗ್ಗಿಸದೆ ಮೊದಲಿನ ಸ್ವರವನ್ನೂ ಕೊಂಚ ಎಳೆಯುತ್ತಾರೆ. ಅದನ್ನೂ ಅನುಸರಿಸಿದರೆ ಉಚ್ಚಾರ ಸಹಜವಾಗುತ್ತದೆ.

ದನಿಯನ್ನು ಹೊರಗೆ ಬಿಡುವಾಗ ಜೊತೆಗಿಡುವ ಷರತ್ತುಗಳ ಕಡತಕ್ಕೂ ಧ್ವನಿಮುದ್ರಣದಷ್ಟೇ ಗಮನ ಕೊಡಬೇಕು. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡುವುದರ ವಿರುದ್ಧ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ಮಧ್ಯಂತರ ರಕ್ಷಣೆ ನೀಡಿತು. ಅದು ಅನುಮತಿಯಿಲ್ಲದೆ ತೆಗೆದುಕೊಂಡ ದನಿಯ ಪ್ರಶ್ನೆ. ವಾಯ್ಸ್‌ಬ್ಯಾಂಕ್‌ನಲ್ಲಿ ದನಿಯ ಒಡೆಯರೇ ತಿಳಿದು ಕೊಡುತ್ತಾರೆ, ಎಲ್ಲಿಯವರೆಗೆ ಎಂಬ ಗೆರೆಯನ್ನೂ ಅವರೇ ಎಳೆಯುತ್ತಾರೆ. ಸ್ವಂತ ರಚನೆಗಳಿಗೆ ಮತ್ತು ಕನ್ನಡ ಸಂಘಗಳ ಕಾರ್ಯಕ್ರಮಗಳಿಗೆ ನನ್ನ ದನಿಯನ್ನು ಮುಕ್ತವಾಗಿ ಬಳಸಬಹುದೆಂದು ಬರೆದಿದ್ದೇನೆ. ನಾನೇ ಮಾತಾಡಿದೆನೆಂದು ನಂಬಿಸುವುದಕ್ಕೆ, ದ್ವೇಷದ ಸಾಹಿತ್ಯಕ್ಕೆ, ಚುನಾವಣಾ ಪ್ರಚಾರಕ್ಕೆ ಬಳಸುವಂತಿಲ್ಲ. ಕೇಳದೆ ನರಜಾಲದ ತರಬೇತಿಗೂ ಕೊಡುವಂತಿಲ್ಲ. 1926ರಲ್ಲಿ ಆರಂಭವಾದ ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಂಥ ಸಂಸ್ಥೆಗಳ ಬಲದಿಂದ ಈ ನಗರದಲ್ಲಿ ಕನ್ನಡದ ಹಾಡು ಉಳಿದುಬಂದಿದೆ. ಹಾಡು ಬರೆಯಬಲ್ಲ, ಆದರೆ ಹಾಡಿಸಲು ಗಾಯಕರು ಸಿಗದ ಕಿರಿಯರು ಇಲ್ಲಿ ಅನೇಕರಿದ್ದಾರೆ. ನನ್ನ ದನಿ ಮೊದಲು ತಲುಪಬೇಕಾದುದು ಅವರನ್ನು.

ರೆಕ್‌ಲಿಸ್ಟಿಗೆ ಯಾವ ಷರತ್ತೂ ಇಲ್ಲ. ಅದನ್ನು ತಿದ್ದಿ ಬಳಸುವ ಪೂರ್ಣ ಸ್ವಾತಂತ್ರ್ಯ ಎಲ್ಲರಿಗೂ ಇದೆ. ನನ್ನ ಮನೆಮಾತು ಕರಾವಳಿಯ ಕನ್ನಡವಾದ್ದರಿಂದ ಈ ವಾಯ್ಸ್‌ಬ್ಯಾಂಕ್‌ನ ಉಚ್ಚಾರವೂ ಅದೇ. ಧಾರವಾಡ, ಕಲಬುರಗಿ, ಮೈಸೂರು, ಸೊಲ್ಲಾಪುರ ಕಡೆಯ ಕನ್ನಡದವರು ಇದೇ ಪಟ್ಟಿಯನ್ನು ತಮ್ಮ ಬಾಯಿಯಲ್ಲಿ ಹಾಡಿದರೆ ತುಣುಕುಗಳ ಹೆಸರುಗಳು ಒಂದೇ ಆಗಿರುವುದರಿಂದ, ಒಬ್ಬರಿಗಾಗಿ ಬರೆದ ಹಾಡನ್ನು ಏನೂ ಬದಲಿಸದೆ ಇನ್ನೊಬ್ಬರ ದನಿಯಲ್ಲಿ ಕೇಳಬಹುದು. ಕೆಳಗಿನ ಎರಡು ಶ್ರುತಿಗಳ ತುಣುಕುಗಳು ಪೂರ್ತಿಯಾಗಿವೆ. ಮೇಲಿನ ಶ್ರುತಿಯಲ್ಲಿ ಮಹಾಪ್ರಾಣಗಳೂ ‘ಷ್ಟ್ರ’ದಂಥ ಸಂಯುಕ್ತಗಳೂ ಬಾಕಿ ಇವೆ, ಮಳೆ ಹಿಂದೆ ಸರಿದ ಮೇಲೆ ಅವನ್ನು ಹಾಡುತ್ತೇನೆ.